ಅಂಗವೈಕಲ್ಯ ಇರುವ ವಯಸ್ಕರ ಲೈಂಗಿಕ ಬದುಕು: ಹಂತ ಹಂತವಾಗಿ ಒಂದು ಮಾರ್ಗದರ್ಶಿ

ಅಂಗವೈಕಲ್ಯ ಇರುವವರಿಗೆ ಲೈಂಗಿಕ ಆಸೆಯೇ ಇರುವುದಿಲ್ಲ ಅಂತ ಕೆಲವರು ಅಂದುಕೊಂಡಿರುತ್ತಾರೆ. ಇನ್ನು ಕೆಲವರು, ಅದರಲ್ಲೂ ಬೌದ್ಧಿಕ ನ್ಯೂನತೆ ಇರುವವರ ಬಗ್ಗೆ, ಆ ಆಸೆ ಹಿಡಿತಕ್ಕೇ ಸಿಗುವುದಿಲ್ಲ ಅಂತ ಹೆದರುತ್ತಾರೆ. ಎರಡೂ ನಿಜವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯ ಪ್ರಕಾರ ಜಗತ್ತಿನಲ್ಲಿ ಸುಮಾರು 130 ಕೋಟಿ ಜನರಿಗೆ ಗಣನೀಯ ಅಂಗವೈಕಲ್ಯ ಇದೆ. ಅಂದರೆ ಆರು ಜನರಲ್ಲಿ ಒಬ್ಬರಿಗೆ. ಇಷ್ಟು ಜನರಲ್ಲಿ ಆಸೆ ಜಾಸ್ತಿ ಇರುವವರು, ಕಡಿಮೆ ಇರುವವರು, ಇಲ್ಲದವರು ಎಲ್ಲರೂ ಇದ್ದಾರೆ. ಗಂಡು–ಹೆಣ್ಣಿನ ಪ್ರೀತಿ ಬಯಸುವವರು, ತಮ್ಮದೇ ಲಿಂಗದವರನ್ನು ಇಷ್ಟಪಡುವವರು ಇಬ್ಬರೂ ಇದ್ದಾರೆ.

ಈ ಬರಹ ಎರಡು ಗುಂಪಿನವರಿಗೆ. ಒಂದು, ದೈಹಿಕ ಅಥವಾ ಬೌದ್ಧಿಕ ಅಂಗವೈಕಲ್ಯ ಇರುವ ವಯಸ್ಕರಿಗೆ. ಇನ್ನೊಂದು, ಅವರ ಜೊತೆ ಬದುಕುವ ಅಪ್ಪ–ಅಮ್ಮ, ಅಣ್ಣ–ತಂಗಿ, ಸಂಗಾತಿ, ಆರೈಕೆ ಮಾಡುವವರಿಗೆ. ಯಾವ ಹಂತ ನಿಮಗೆ ಬೇಕೋ ಅಲ್ಲಿಂದ ಓದಿ. ಒಂದನೇ ಹಂತವನ್ನು ಮಾತ್ರ ಬಿಡಬೇಡಿ.

1. ಮೊದಲು ಮನಸ್ಸಿನಲ್ಲಿ ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳಿ

ಮೂವತ್ತು ವರ್ಷದವರು ಮೂವತ್ತು ವರ್ಷದವರೇ. "ಅವನ ಬುದ್ಧಿ ಐದು ವರ್ಷದ ಮಗುವಿನಷ್ಟು" ಅನ್ನುವ ಮಾತು ತುಂಬಾ ಹಾನಿ ಮಾಡಿದೆ. ಓದು–ಲೆಕ್ಕದಲ್ಲಿ ಹಿಂದೆ ಇರಬಹುದು. ಆದರೆ ದೇಹಕ್ಕೆ ಹರೆಯ ಬಂದಿದೆ, ಹಾರ್ಮೋನು ಕೆಲಸ ಮಾಡಿದೆ, ಬದುಕಿನ ಅನುಭವ ಕೂಡಿದೆ. ಅವರನ್ನು ವಯಸ್ಕರಾಗಿಯೇ ಮಾತಾಡಿಸಬೇಕು.

"ಏನೂ ಹೇಳದಿದ್ದರೆ ಸುರಕ್ಷಿತವಾಗಿರುತ್ತಾರೆ" ಅನ್ನುವ ನಂಬಿಕೆ ಇನ್ನೂ ಅಪಾಯಕಾರಿ. ಅಂಗಗಳ ಹೆಸರೇ ಗೊತ್ತಿಲ್ಲದವರು, ಯಾರಾದರೂ ಮುಟ್ಟಿದರೆ ಅದನ್ನು ಹೇಗೆ ಹೇಳಬೇಕು? ಯಾವ ಸ್ಪರ್ಶ ಸರಿ, ಯಾವುದು ತಪ್ಪು ಅಂತ ತಿಳಿಯದವರು ಬೇಡ ಅನ್ನುವುದಾದರೂ ಹೇಗೆ? ದುರುದ್ದೇಶ ಇರುವವರು ಹುಡುಕುವುದೇ ಇಂಥ ಅಜ್ಞಾನವನ್ನು. ಮಾಹಿತಿ ಕೊಡುವುದು ಮತ್ತು ಕಾಪಾಡುವುದು ಬೇರೆ ಬೇರೆ ಕೆಲಸವಲ್ಲ. ಈ ಮಾರ್ಗದರ್ಶಿಯ ಪ್ರತಿ ಹಂತವೂ ಇದೇ ಮಾತಿನ ಮೇಲೆ ನಿಂತಿದೆ.

ಇದು ದಾಕ್ಷಿಣ್ಯದ ಪ್ರಶ್ನೆಯೂ ಅಲ್ಲ. ವಿಶ್ವಸಂಸ್ಥೆ 2006ರಲ್ಲಿ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 23ನೇ ವಿಧಿ ಮದುವೆ, ಕುಟುಂಬ, ಸಂಬಂಧಗಳ ಹಕ್ಕನ್ನು ಹೇಳುತ್ತದೆ. 25ನೇ ವಿಧಿ ಲೈಂಗಿಕ ಮತ್ತು ಸಂತಾನ ಆರೋಗ್ಯದ ಸೇವೆ ಇವರಿಗೂ ಸಮಾನವಾಗಿ ಸಿಗಬೇಕು ಅನ್ನುತ್ತದೆ.

2. ದೇಹದ ಪಾಠ: ನಿಜವಾದ ಹೆಸರು, ಚಿಕ್ಕ ವಾಕ್ಯ, ಮತ್ತೆ ಮತ್ತೆ

ಬೌದ್ಧಿಕ ನ್ಯೂನತೆ ಇರುವವರಿಗೆ ಕಲಿಸುವಾಗ ಸುತ್ತಿ ಬಳಸಿ ಹೇಳಿದರೆ ಏನೂ ತಲುಪುವುದಿಲ್ಲ. "ಹೂವು", "ಆ ಜಾಗ", "ಅದು" ಅನ್ನಬೇಡಿ. ಶಿಶ್ನ, ವೃಷಣ, ಯೋನಿ, ಸ್ತನ ಅನ್ನಿ. ಮನೆಯಲ್ಲಿ ಬಳಸುವ ಮಾತು ಬೇರೆ ಇದ್ದರೆ ಅದನ್ನೂ ಹೇಳಿ, ಆದರೆ ವೈದ್ಯರಿಗೂ ಪೊಲೀಸರಿಗೂ ಅರ್ಥವಾಗುವ ಪದ ಒಂದಾದರೂ ಅವರ ಬಾಯಲ್ಲಿ ಇರಲಿ.

ಒಂದು ಸಲಕ್ಕೆ ಒಂದೇ ವಿಷಯ ಸಾಕು. ಚಿತ್ರ ಬಳಸಿ. ಗೊಂಬೆ ಅಥವಾ ಮಾದರಿ ಇದ್ದರೆ ಇನ್ನೂ ಒಳ್ಳೆಯದು. ದೃಷ್ಟಿ ಇಲ್ಲದವರಿಗೆ ಮುಟ್ಟಿ ನೋಡುವ ಮಾದರಿ ಬೇಕೇ ಬೇಕು. ಬೇರೆಯವರ ದೇಹ ಹೇಗಿರುತ್ತದೆ ಅಂತ ಕಣ್ಣಿಂದ ತಿಳಿಯುವ ದಾರಿ ಅವರಿಗಿಲ್ಲ, ಅಲ್ವಾ? ಹೇಳಿದ ಮೇಲೆ "ಅರ್ಥ ಆಯ್ತಾ?" ಅಂತ ಕೇಳಿ ಪ್ರಯೋಜನವಿಲ್ಲ. "ಆಯ್ತು" ಅನ್ನುತ್ತಾರೆ, ಅಷ್ಟೇ. "ಈಗ ನೀನು ನನಗೆ ಹೇಳು" ಅನ್ನಿ. ಕೆಲವು ವಾರ ಬಿಟ್ಟು ಮತ್ತೆ ಅದೇ ಪಾಠ ಮಾಡಿ.

ಕಲಿಸಬೇಕಾದ ವಿಷಯಗಳ ಕ್ರಮ ಹೀಗಿದ್ದರೆ ಸುಲಭ:

- ದೇಹದ ಭಾಗಗಳು. ಗಂಡು, ಹೆಣ್ಣು ದೇಹದ ವ್ಯತ್ಯಾಸ.
- ಯಾವ ಭಾಗ ಖಾಸಗಿ, ಯಾವ ಜಾಗ ಖಾಸಗಿ. ಬಾಗಿಲು ಹಾಕಿದ ಕೋಣೆ ಖಾಸಗಿ. ಬಸ್ಸು, ಕೆಲಸದ ಜಾಗ, ಹಾಲ್ ಖಾಸಗಿಯಲ್ಲ.
- ಮುಟ್ಟು, ಸ್ವಪ್ನಸ್ಖಲನ, ನಿಮಿರುವಿಕೆ. ಇವು ಕಾಯಿಲೆಯಲ್ಲ, ಕೊಳಕಲ್ಲ.
- ಹಸ್ತಮೈಥುನ. ದೇಹಕ್ಕೆ ಹಾನಿಯಿಲ್ಲ. ಆದರೆ ಖಾಸಗಿ ಜಾಗದಲ್ಲಿ ಮಾತ್ರ.
- ಸಂಬಂಧಗಳ ಸುತ್ತುಗಳು. ಹಾಳೆಯ ನಡುವೆ "ನಾನು" ಅಂತ ಬರೆದು ಸುತ್ತ ವೃತ್ತ ಎಳೆಯಿರಿ. ಹತ್ತಿರದ ವೃತ್ತದಲ್ಲಿ ಸಂಗಾತಿ, ಮನೆಯವರು. ಆಮೇಲೆ ಗೆಳೆಯರು. ಆಚೆ ಪರಿಚಯದವರು. ಹೊರಗಡೆ ಅಪರಿಚಿತರು. ಯಾವ ವೃತ್ತದವರ ಜೊತೆ ಅಪ್ಪುಗೆ, ಯಾರಿಗೆ ಕೈಕುಲುಕು, ಯಾರಿಗೆ ಬರೀ ನಮಸ್ಕಾರ ಅಂತ ಕೂತು ತುಂಬಿಸಿ.
- ಲೈಂಗಿಕ ಕ್ರಿಯೆ ಅಂದರೆ ಏನು, ಮಗು ಹೇಗಾಗುತ್ತದೆ, ರೋಗ ಹೇಗೆ ಹರಡುತ್ತದೆ, ಕಾಂಡೋಮ್ ಹೇಗೆ ಹಾಕಬೇಕು.
- ಫೋನು. ಖಾಸಗಿ ಫೋಟೋ ಕಳಿಸಬಾರದು. ಆನ್‌ಲೈನ್‌ನಲ್ಲಿ ಸಿಕ್ಕವರು ದುಡ್ಡು ಅಥವಾ ಫೋಟೋ ಕೇಳಿದರೆ ನಂಬಿಕೆಯವರಿಗೆ ಹೇಳಬೇಕು.

ಎಲ್ಲರ ಎದುರಿಗೆ ಜನನಾಂಗ ಮುಟ್ಟಿಕೊಳ್ಳುವ ಅಭ್ಯಾಸ ಅನೇಕ ಮನೆಗಳ ಸಂಕಟ. ಹೊಡೆಯುವುದು, ಬೈಯುವುದು ಕೆಲಸಕ್ಕೆ ಬರುವುದಿಲ್ಲ. ಮೊದಲು ತುರಿಕೆ, ಮೂತ್ರದ ಸೋಂಕು, ಬಿಗಿಯಾದ ಒಳಉಡುಪು ಇದೆಯಾ ನೋಡಿ. ಇಲ್ಲವಾದರೆ ದನಿ ಏರಿಸದೆ "ಇದು ನಿನ್ನ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು" ಅನ್ನಿ. ಕೋಣೆಗೆ ಕಳಿಸಿ. ಪ್ರತಿ ಸಲವೂ ಮನೆಯ ಎಲ್ಲರೂ ಇದೇ ಮಾತು ಹೇಳಬೇಕು. ಒಬ್ಬರು ನಕ್ಕು, ಇನ್ನೊಬ್ಬರು ಗದರಿದರೆ ಅವರು ಏನು ಕಲಿಯಬೇಕು?

ಮುಟ್ಟಿನ ವಿಷಯದಲ್ಲಿ ಒಂದು ಮಾತು ಒತ್ತಿ ಹೇಳುತ್ತೇನೆ. ಪ್ಯಾಡ್ ಹಾಕುವುದನ್ನು ಮುಟ್ಟು ಬರದ ದಿನಗಳಲ್ಲೇ ಅಭ್ಯಾಸ ಮಾಡಿಸಿ. ಒಳಉಡುಪಿನ ಮೇಲೆ ಪ್ಯಾಡ್‌ನ ಆಕಾರ ಗುರುತು ಹಾಕಿಕೊಟ್ಟರೆ ಬಹಳ ಜನ ತಾವೇ ಕಲಿಯುತ್ತಾರೆ. "ಸ್ವಚ್ಛತೆ ಕಷ್ಟ" ಅಂತ ಗರ್ಭಕೋಶವನ್ನೇ ತೆಗೆಸುವುದು ಪರಿಹಾರವಲ್ಲ. ಇದರ ಹಿಂದೆ ಒಂದು ಕರಾಳ ಇತಿಹಾಸವಿದೆ. 1927ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಬಕ್ ವಿರುದ್ಧ ಬೆಲ್ ಪ್ರಕರಣದಲ್ಲಿ ಬೌದ್ಧಿಕ ನ್ಯೂನತೆ ಇದೆ ಅನ್ನಿಸಿಕೊಂಡವರಿಗೆ ಮಕ್ಕಳಾಗದಂತೆ ಬಲವಂತದ ಶಸ್ತ್ರಚಿಕಿತ್ಸೆ ಮಾಡಲು ಒಪ್ಪಿಗೆ ಕೊಟ್ಟಿತ್ತು. ಸಾವಿರಾರು ಜನ ಅದಕ್ಕೆ ಬಲಿಯಾದರು. ಮೇಲೆ ಹೇಳಿದ 23ನೇ ವಿಧಿ ಮಕ್ಕಳನ್ನು ಪಡೆಯುವ ಸಾಮರ್ಥ್ಯ ಉಳಿಸಿಕೊಳ್ಳುವ ಹಕ್ಕನ್ನು ಬಿಡಿಸಿ ಹೇಳಿದ್ದು ಸುಮ್ನೆ ಅಲ್ಲ.

3. ಒಪ್ಪಿಗೆ ಕಲಿಸಿ, ಒಪ್ಪಿಗೆ ಗುರುತಿಸಿ

ಚಿಕ್ಕಂದಿನಿಂದ ಬೇರೆಯವರು ಉಡಿಸಿ, ತೊಳೆಸಿ, ಎತ್ತಿ ಕೂರಿಸಿದವರಿಗೆ ತಮ್ಮ ದೇಹ ತಮ್ಮದು ಅನ್ನುವ ಭಾವನೆ ಬರುವುದೇ ಕಷ್ಟ. ಹೇಳಿದ ಮಾತು ಕೇಳಿದರೆ "ಒಳ್ಳೆಯವನು" ಅನ್ನಿಸಿಕೊಂಡು ಬೆಳೆದಿರುತ್ತಾರೆ. ಅಂಥವರಿಗೆ ಒಮ್ಮೆಲೇ ಹಾಸಿಗೆಯಲ್ಲಿ "ಬೇಡ" ಅನ್ನು ಅಂದರೆ ಬರುವುದಿಲ್ಲ. ಅದಕ್ಕೇ ದಿನನಿತ್ಯದ ಚಿಕ್ಕ ವಿಷಯಗಳಲ್ಲಿ ಶುರು ಮಾಡಿ. ಯಾವ ಬಟ್ಟೆ, ಏನು ಊಟ, ಯಾರು ಸ್ನಾನ ಮಾಡಿಸಬೇಕು ಅಂತ ಕೇಳಿ. ಬೇಡ ಅಂದರೆ ಆ ಬೇಡಕ್ಕೆ ಬೆಲೆ ಕೊಡಿ. ನೆಂಟರು ಬಂದಾಗ ಅಪ್ಪಿಕೊಳ್ಳಲು ಒತ್ತಾಯ ಮಾಡಬೇಡಿ. ಸ್ನಾನ ಮಾಡಿಸುವ ಮುಂಚೆ "ಈಗ ಇಲ್ಲಿ ತೊಳೆಯುತ್ತೇನೆ, ಸರೀನಾ?" ಅಂತ ಹೇಳಿ ಮುಟ್ಟಿ.

ಒಬ್ಬರು ಲೈಂಗಿಕ ಸಂಬಂಧಕ್ಕೆ ಒಪ್ಪಿಗೆ ಕೊಡಲು ಶಕ್ತರಾ ಅನ್ನುವುದನ್ನು ಐಕ್ಯೂ ಅಂಕಿ ನೋಡಿ ತೀರ್ಮಾನಿಸಲು ಆಗುವುದಿಲ್ಲ. ನೋಡಬೇಕಾದ್ದು ಇಷ್ಟು. ಆ ಕ್ರಿಯೆ ಏನು ಅಂತ ಗೊತ್ತಾ? ಬಸಿರು, ರೋಗ ಆಗಬಹುದು ಅಂತ ಗೊತ್ತಾ? ತಾನು ಬೇಡ ಅನ್ನಬಹುದು, ನಡುವೆ ನಿಲ್ಲಿಸಬಹುದು ಅಂತ ಗೊತ್ತಾ? ಎದುರಿನವರೂ ಒಪ್ಪಿರಬೇಕು ಅನ್ನುವುದು ತಿಳಿದಿದೆಯಾ? ಯಾರ ಒತ್ತಾಯ, ಆಮಿಷ, ಹೆದರಿಕೆಯೂ ಇಲ್ಲದೆ ಆರಿಸಿಕೊಳ್ಳುತ್ತಿದ್ದಾರಾ? ದುಡ್ಡಿನ ವ್ಯವಹಾರ ಬಾರದವರಿಗೂ ಈ ವಿಷಯದಲ್ಲಿ ತಿಳುವಳಿಕೆ ಇರಬಹುದು. ಇವತ್ತು ಇಲ್ಲದ ತಿಳುವಳಿಕೆ ಕಲಿಸಿದ ಮೇಲೆ ಬರಬಹುದು. ಇದರ ಬಗ್ಗೆ ಕಾನೂನು ದೇಶದಿಂದ ದೇಶಕ್ಕೆ ಬೇರೆ, ಆದ್ದರಿಂದ ಅನುಮಾನ ಇದ್ದಾಗ ವಕೀಲರನ್ನೂ ಆಪ್ತಸಮಾಲೋಚಕರನ್ನೂ ಕೇಳಿ.

ಎಲ್ಲದಕ್ಕೂ "ಹೂಂ" ಅನ್ನುವ ಅಭ್ಯಾಸ ಇರುವವರ ಜೊತೆ ಪ್ರಶ್ನೆಯನ್ನು ತಿರುಗಿಸಿ ಕೇಳಿ. "ಅವನ ಜೊತೆ ಇರಲು ಇಷ್ಟಾನಾ?" ಅಂತ ಕೇಳಿ, ಸ್ವಲ್ಪ ಹೊತ್ತು ಬಿಟ್ಟು "ಅವನ ಜೊತೆ ಇರಲು ಬೇಜಾರಾ?" ಅಂತಲೂ ಕೇಳಿ. ಎರಡಕ್ಕೂ ಹೂಂ ಬಂದರೆ ಆ ಉತ್ತರವನ್ನು ನಂಬಬೇಡಿ. ಮಾತು ಬಾರದವರ ಒಪ್ಪಿಗೆ ಮುಖದಲ್ಲಿ, ಮೈಯಲ್ಲಿ ಇರುತ್ತದೆ. ಹತ್ತಿರ ಬರುತ್ತಾರಾ, ಮೈ ಬಿಗಿ ಮಾಡುತ್ತಾರಾ, ಮುಖ ತಿರುಗಿಸುತ್ತಾರಾ ಗಮನಿಸಿ. ಚಿತ್ರಫಲಕ ಅಥವಾ ಸಂವಹನ ಆ್ಯಪ್ ಬಳಸುವವರಾದರೆ ಅದರಲ್ಲಿ ಲೈಂಗಿಕ ಅಂಗಗಳ ಪದ, "ಬೇಡ", "ನಿಲ್ಲಿಸು", "ನೋವಾಗ್ತಿದೆ" ಇವೆಯಾ ನೋಡಿ. ಬಹಳ ಸಲ ಇರುವುದಿಲ್ಲ. ಸೇರಿಸಿ.

ಒಂದು ಗೆರೆ ಮಾತ್ರ ದಾಟುವಂತಿಲ್ಲ. ಆರೈಕೆ ಮಾಡುವವರು, ಶಿಕ್ಷಕರು, ಥೆರಪಿ ಕೊಡುವವರು, ಕರೆದೊಯ್ಯುವ ಚಾಲಕರು ತಮ್ಮ ಸುಪರ್ದಿಯಲ್ಲಿ ಇರುವವರ ಜೊತೆ ಲೈಂಗಿಕ ಸಂಬಂಧ ಬೆಳೆಸುವಂತಿಲ್ಲ. ಅಲ್ಲಿ ಒಪ್ಪಿಗೆಯ ಮಾತೇ ಬರುವುದಿಲ್ಲ.

4. ಏಕಾಂತ ಕೊಡಿ

ಬಾಗಿಲಿಗೆ ಚಿಲಕ ಇರಲಿ, ತುರ್ತಿಗೆ ಹೊರಗಿನಿಂದ ತೆಗೆಯುವ ಹಾಗೆ. ಒಳಗೆ ಹೋಗುವ ಮುಂಚೆ ಬಾಗಿಲು ತಟ್ಟಿ, ಉತ್ತರ ಬರುವವರೆಗೆ ಕಾಯಿರಿ. ಮದುವೆಯಾದ ಅಥವಾ ಜೊತೆಯಾಗಿರುವ ಜೋಡಿಗೆ ಒಂದು ಅಗಲವಾದ ಮಂಚ ಬೇಕು. ಆಸ್ಪತ್ರೆಯ ಒಂಟಿ ಮಂಚಗಳನ್ನು ದೂರ ದೂರ ಇಟ್ಟು "ಜೊತೆಗಿದ್ದಾರೆ" ಅನ್ನುವುದು ಸರಿಯಲ್ಲ. ಕೈ ಬಳಸಲು ಆಗದವರಿಗೆ ಬಟ್ಟೆ ಬಿಚ್ಚಲು, ಮಲಗಿಸಲು, ದಿಂಬು ಇಡಲು ಆರೈಕೆಯವರು ನೆರವಾಗಬಹುದು. ಎಲ್ಲಿಯವರೆಗೆ ನೆರವು, ಯಾವಾಗ ಹೊರಗೆ ಹೋಗಬೇಕು ಅಂತ ಮೊದಲೇ ಕೂತು ಮಾತಾಡಿಕೊಳ್ಳಿ.

5. ನಿಮ್ಮ ದೇಹವನ್ನು ಹೊಸದಾಗಿ ಗುರುತು ಮಾಡಿಕೊಳ್ಳಿ

ಈ ಹಂತ ದೈಹಿಕ ಅಂಗವೈಕಲ್ಯ ಇರುವವರಿಗೆ, ಮುಖ್ಯವಾಗಿ ಬೆನ್ನುಹುರಿ ಗಾಯ, ಪಾರ್ಶ್ವವಾಯು, ಸೆರೆಬ್ರಲ್ ಪಾಲ್ಸಿ (ಎಳವೆಯಲ್ಲೇ ಮೆದುಳಿಗಾದ ಹಾನಿಯಿಂದ ಚಲನೆಗೆ ಬರುವ ತೊಂದರೆ), ಮಲ್ಟಿಪಲ್ ಸ್ಕ್ಲೆರೋಸಿಸ್ (ಮೆದುಳು, ಬೆನ್ನುಹುರಿಯ ನರಗಳ ಹೊದಿಕೆ ಹಾಳಾಗುವ ಕಾಯಿಲೆ) ಇರುವವರಿಗೆ. ಒಬ್ಬರೇ ಅಥವಾ ಸಂಗಾತಿಯ ಜೊತೆ ಸಮಯ ಮಾಡಿಕೊಂಡು ತಲೆಯಿಂದ ಕಾಲಿನವರೆಗೆ ನಿಧಾನವಾಗಿ ಮುಟ್ಟಿ ನೋಡಿ. ಎಲ್ಲಿ ಹಿತ, ಎಲ್ಲಿ ನೋವು, ಎಲ್ಲಿ ಏನೂ ತಿಳಿಯುವುದಿಲ್ಲ ಅಂತ ಗುರುತಿಸಿಕೊಳ್ಳಿ. ಗಾಯದ ಗಡಿಯ ಸ್ವಲ್ಪ ಮೇಲಿನ ಚರ್ಮ, ಕುತ್ತಿಗೆ, ಕಿವಿ, ಮೊಲೆತೊಟ್ಟು ಕೆಲವರಿಗೆ ಮೊದಲಿಗಿಂತ ಸೂಕ್ಷ್ಮವಾಗಿರುತ್ತವೆ. ಆ ದಿನ ಸಂಭೋಗದ ಗುರಿ ಇಟ್ಟುಕೊಳ್ಳಬೇಡಿ.

ಬೆನ್ನುಹುರಿಗೆ ಪೆಟ್ಟಾದ ಗಂಡಸರ ಮೊದಲ ಪ್ರಶ್ನೆ ನಿಮಿರುವಿಕೆಯದು. ಇದಕ್ಕೆ ಎರಡು ದಾರಿಗಳಿವೆ. ಮುಟ್ಟಿದಾಗ ಬರುವುದು ಬೆನ್ನುಹುರಿಯ ಕೆಳತುದಿಯ ಎಸ್2ರಿಂದ ಎಸ್4 ಭಾಗದಿಂದ ನಡೆಯುತ್ತದೆ. ಮನಸ್ಸಿನ ಕಲ್ಪನೆಯಿಂದ ಬರುವುದು ಅದಕ್ಕಿಂತ ಮೇಲಿನ ಟಿ11ರಿಂದ ಎಲ್2 ಭಾಗದಿಂದ. (ವೈದ್ಯರು ಬೆನ್ನುಹುರಿಯ ಮಟ್ಟಗಳನ್ನು ಹೀಗೆ ಅಕ್ಷರ, ಸಂಖ್ಯೆಯಿಂದ ಗುರುತಿಸುತ್ತಾರೆ.) ಅದಕ್ಕೇ ಗಾಯ ಮೇಲಿದ್ದರೆ ಮುಟ್ಟಿದಾಗ ನಿಮಿರುವುದು ಸಾಮಾನ್ಯವಾಗಿ ಉಳಿದಿರುತ್ತದೆ. ಆದರೆ ಅದು ಬೇಗ ಇಳಿಯಬಹುದು. ಸಿಲ್ಡೆನಾಫಿಲ್‌ನಂಥ ಮಾತ್ರೆ, ಇಂಜೆಕ್ಷನ್, ವ್ಯಾಕ್ಯೂಮ್ ಪಂಪ್ ಇವೆ. ವೈದ್ಯರನ್ನು ಕೇಳದೆ ಯಾವುದನ್ನೂ ಶುರು ಮಾಡಬೇಡಿ. ಪಂಪ್‌ನ ಜೊತೆ ಶಿಶ್ನದ ಬುಡಕ್ಕೆ ಹಾಕುವ ರಿಂಗ್ 30 ನಿಮಿಷಕ್ಕಿಂತ ಹೆಚ್ಚು ಇರಬಾರದು. ಸ್ಪರ್ಶಜ್ಞಾನ ಇಲ್ಲದವರಿಗೆ ಅದು ಮರೆತೇ ಹೋಗಬಹುದು, ಹಾಗಾಗಿ ಫೋನಿನಲ್ಲಿ ಅಲಾರಂ ಇಡಿ. ಸ್ಖಲನ ಕಷ್ಟವಾದರೂ ತಂದೆಯಾಗುವ ದಾರಿ ಮುಚ್ಚಿಲ್ಲ. ಕಂಪನದ ಸಾಧನದಿಂದ ಅಥವಾ ಆಸ್ಪತ್ರೆಯಲ್ಲಿ ವೀರ್ಯ ಪಡೆಯುವ ವಿಧಾನಗಳಿವೆ.

ಹೆಂಗಸರಿಗೆ ಗಾಯದ ನಂತರ ಕೆಲವು ತಿಂಗಳು ಮುಟ್ಟು ನಿಲ್ಲಬಹುದು, ಆಮೇಲೆ ಮರಳುತ್ತದೆ. ಬಸಿರಾಗುವ ಸಾಮರ್ಥ್ಯ ಉಳಿದಿರುತ್ತದೆ. ಯೋನಿಯ ತೇವ ಕಡಿಮೆಯಾದರೆ ನೀರು ಆಧಾರಿತ ಜೆಲ್ ಬಳಸಿ. ಸೊಂಟದ ಕೆಳಗೆ ಏನೂ ತಿಳಿಯದ ಹೆಂಗಸರೂ ಪರಾಕಾಷ್ಠೆ ಅನುಭವಿಸಿದ್ದಾರೆ. ಅಮೆರಿಕದ ಸಂಶೋಧಕರಾದ ಬೆವರ್ಲಿ ವಿಪ್ಪಲ್ ಮತ್ತು ಬ್ಯಾರಿ ಕೊಮಿಸಾರುಕ್ ಅವರ ಅಧ್ಯಯನಗಳು, ಬೆನ್ನುಹುರಿಯನ್ನು ಬಳಸದೆ ನೇರ ಮೆದುಳಿಗೆ ಹೋಗುವ ವೇಗಸ್ ನರ ಇದಕ್ಕೆ ಕಾರಣವಿರಬಹುದು ಅಂತ ತೋರಿಸಿವೆ. "ಇನ್ನು ನಿಮಗೆ ಏನೂ ಆಗುವುದಿಲ್ಲ" ಅಂತ ಯಾರಾದರೂ ಹೇಳಿದರೆ ಒಪ್ಪಿಕೊಳ್ಳಬೇಡಿ.

ಇನ್ನು ತಯಾರಿ. ಮೂತ್ರಕೋಶ, ಮಲ ಮೊದಲೇ ಖಾಲಿ ಮಾಡಿಕೊಳ್ಳಿ. ಕ್ಯಾಥೆಟರ್ (ಮೂತ್ರ ಹೊರಗೆ ಹರಿಸುವ ನಳಿಕೆ) ಸದಾ ಇರುವವರು ಅದನ್ನು ತೆಗೆಯಲೇಬೇಕೆಂದಿಲ್ಲ. ಗಂಡಸರು ನಳಿಕೆಯನ್ನು ಶಿಶ್ನದ ಉದ್ದಕ್ಕೆ ಮಡಚಿ ಮೇಲೆ ಕಾಂಡೋಮ್ ಹಾಕಬಹುದು. ಹೆಂಗಸರು ಹೊಟ್ಟೆ ಅಥವಾ ತೊಡೆಗೆ ಟೇಪ್ ಹಚ್ಚಿಕೊಳ್ಳಬಹುದು. ಮುಂಚೆ ನಿಮ್ಮ ನರ್ಸ್ ಹತ್ತಿರ ತೋರಿಸಿಕೊಂಡು ಕಲಿಯಿರಿ. ಸ್ಟೋಮಾ (ಮಲ ಅಥವಾ ಮೂತ್ರ ಹೊರಬರಲು ಹೊಟ್ಟೆಯ ಮೇಲೆ ಮಾಡಿದ ರಂಧ್ರ) ಚೀಲ ಇದ್ದರೆ ಖಾಲಿ ಮಾಡಿ, ಬಟ್ಟೆಯ ಪಟ್ಟಿ ಸುತ್ತಿ. ಸ್ಟೋಮಾದ ರಂಧ್ರದೊಳಗೆ ಏನನ್ನೂ ಹಾಕಬಾರದು. ಇಷ್ಟೆಲ್ಲ ಮಾಡಿದರೂ ಕೆಲವೊಮ್ಮೆ ಸೋರಬಹುದು. ಒಂದು ಟವೆಲ್ ಹಾಸಿಕೊಳ್ಳಿ, ಸಂಗಾತಿಗೆ ಮೊದಲೇ ಹೇಳಿ, ಅಷ್ಟೇ.

ಸ್ನಾಯು ಸೆಟೆಯುವವರಿಗೆ ಬಿಸಿನೀರಿನ ಸ್ನಾನ, ನಿಧಾನವಾಗಿ ಕೈಕಾಲು ಚಾಚುವುದು ಸಹಾಯ ಮಾಡುತ್ತದೆ. ಆದರೆ ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವ ಬಹಳ ಜನರಿಗೆ ಬಿಸಿ ಒಗ್ಗುವುದಿಲ್ಲ, ಸುಸ್ತು ಹೆಚ್ಚಾಗುತ್ತದೆ. ಅವರಿಗೆ ಬೆಳಗಿನ ಹೊತ್ತು ವಾಸಿ. ಮೊಣಕಾಲು, ಸೊಂಟದ ಕೆಳಗೆ ದಿಂಬು ಇಡಿ. ಪಕ್ಕಕ್ಕೆ ಮಲಗುವ ಭಂಗಿ ಎಷ್ಟೋ ದೇಹಗಳಿಗೆ ಸುಲಭ. ಕೈಹಿಡಿಕೆ ಗಟ್ಟಿಯಾಗಿರುವ ವೀಲ್‌ಚೇರ್ ಆದರೆ ಬ್ರೇಕ್ ಹಾಕಿ ಅದರಲ್ಲೇ ಕೂತಿರಬಹುದು. ಕಿವುಡು ಇರುವವರು ದೀಪ ಆರಿಸಬೇಡಿ, ಕತ್ತಲಲ್ಲಿ ಸನ್ನೆ ಕಾಣುವುದಿಲ್ಲ. "ನಿಲ್ಲಿಸು" ಅನ್ನಲು ಒಂದು ತಟ್ಟುವ ಗುರುತು ಇಬ್ಬರೂ ಒಪ್ಪಿಕೊಳ್ಳಿ. ಮುಗಿದ ಮೇಲೆ ಸ್ಪರ್ಶ ತಿಳಿಯದ ಭಾಗದ ಚರ್ಮ ನೋಡಿ. ಕೆಂಪಗಾಗಿ ಹಾಗೇ ಉಳಿದರೆ ಅದು ಹುಣ್ಣಿನ ಶುರು.

ಟಿ6 ಅಂದರೆ ಬೆನ್ನೆಲುಬಿನ ಎದೆ ಭಾಗದ ಆರನೇ ಮೂಳೆಯ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಬೆನ್ನುಹುರಿ ಗಾಯ ಇರುವವರು ಇದನ್ನು ಎರಡು ಸಲ ಓದಿ. ಲೈಂಗಿಕ ಉದ್ರೇಕದಿಂದ, ಅದರಲ್ಲೂ ಕಂಪನದ ಸಾಧನದಿಂದ, ರಕ್ತದೊತ್ತಡ ಒಮ್ಮೆಲೇ ಏರಬಹುದು. ಇದನ್ನು ಆಟೋನಾಮಿಕ್ ಡಿಸ್‌ರಿಫ್ಲೆಕ್ಸಿಯಾ ಅನ್ನುತ್ತಾರೆ. ತಲೆ ಬಡಿಯುವಂಥ ನೋವು, ಮುಖ ಕೆಂಪಾಗುವುದು, ಗಾಯದ ಮೇಲಿನ ಭಾಗದಲ್ಲಿ ಬೆವರು ಅದರ ಗುರುತು. ತಕ್ಷಣ ನಿಲ್ಲಿಸಿ. ಎದ್ದು ನೇರ ಕೂರಿ, ಕಾಲು ಕೆಳಗೆ ಬಿಡಿ. ಬಿಗಿಯಾದದ್ದೆಲ್ಲ ಸಡಿಲಿಸಿ. ಕ್ಯಾಥೆಟರ್ ಮಡಚಿದೆಯಾ, ಮೂತ್ರ ತುಂಬಿದೆಯಾ ನೋಡಿ. ಕೆಲವು ನಿಮಿಷದಲ್ಲಿ ಇಳಿಯದಿದ್ದರೆ ಆಸ್ಪತ್ರೆಗೆ ಹೋಗಲೇಬೇಕು, ಇಲ್ಲವಾದರೆ ಪಾರ್ಶ್ವವಾಯು ಆಗುವ ಅಪಾಯವಿದೆ. ಸಿಲ್ಡೆನಾಫಿಲ್ ಅಥವಾ ಟಡಲಾಫಿಲ್ ತೆಗೆದುಕೊಂಡಿದ್ದರೆ ಅಲ್ಲಿ ಮೊದಲ ಮಾತಾಗಿ ಅದನ್ನು ಹೇಳಿ. ಆಗ ನೈಟ್ರೇಟ್ ಔಷಧಿ ಕೊಟ್ಟರೆ ರಕ್ತದೊತ್ತಡ ಅಪಾಯದ ಮಟ್ಟಕ್ಕೆ ಕುಸಿಯುತ್ತದೆ.

6. ಔಷಧಿ ಮತ್ತು ಗರ್ಭನಿರೋಧಕ

ಖಿನ್ನತೆಗೆ ಕೊಡುವ ಫ್ಲೂಯೊಕ್ಸೆಟಿನ್, ಸೆರ್ಟ್ರಾಲಿನ್‌ನಂಥ ಮಾತ್ರೆಗಳು ಆಸೆಯನ್ನು ಕಡಿಮೆ ಮಾಡಬಹುದು, ಪರಾಕಾಷ್ಠೆ ತಡವಾಗಬಹುದು. ಮಾನಸಿಕ ಕಾಯಿಲೆ, ವರ್ತನೆಯ ತೊಂದರೆಗೆ ಕೊಡುವ ರಿಸ್ಪೆರಿಡೋನ್ ಪ್ರೊಲ್ಯಾಕ್ಟಿನ್ ಹಾರ್ಮೋನು ಏರಿಸುವುದರಿಂದ ಮುಟ್ಟು ತಪ್ಪುವುದು, ಎದೆಯಲ್ಲಿ ಹಾಲು ಬರುವುದು ಆಗಬಹುದು. ಬೌದ್ಧಿಕ ನ್ಯೂನತೆ ಇರುವವರು ಇದನ್ನು ತಾವಾಗಿ ಹೇಳುವುದು ಕಡಿಮೆ. ನೀವೇ ಕೇಳಿ. ಆದರೆ ಮಾತ್ರೆಯನ್ನು ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ. ವೈದ್ಯರು ಪ್ರಮಾಣ ಇಳಿಸಬಹುದು, ಬದಲಿಸಬಹುದು.

ಮೂರ್ಛೆರೋಗದ ಔಷಧಿಯ ವಿಷಯ ಬಹಳ ಮನೆಗಳಿಗೆ ಗೊತ್ತೇ ಇರುವುದಿಲ್ಲ. ಕಾರ್ಬಮಜೆಪಿನ್, ಫೆನಿಟಾಯಿನ್, ಫಿನೋಬಾರ್ಬಿಟಾಲ್ ತೆಗೆದುಕೊಳ್ಳುತ್ತಿದ್ದರೆ ಗರ್ಭನಿರೋಧಕ ಮಾತ್ರೆಯ ಬಲ ಕುಗ್ಗುತ್ತದೆ. ಈಸ್ಟ್ರೊಜೆನ್ ಹಾರ್ಮೋನು ಇರುವ ಗರ್ಭನಿರೋಧಕ ಮಾತ್ರೆ, ಮೂರ್ಛೆಗೇ ಕೊಡುವ ಲ್ಯಾಮೊಟ್ರಿಜಿನ್‌ನ ಮಟ್ಟ ಇಳಿಸಿ ಮೂರ್ಛೆ ಮರಳಿಸಬಹುದು. ಮೂರ್ಛೆಯ ಇನ್ನೊಂದು ಔಷಧಿ ವಾಲ್ಪ್ರೊಯೇಟ್ ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡುತ್ತದೆ. ಬಸಿರಿನ ಯೋಚನೆ ಇದ್ದರೆ ಮೊದಲೇ ಔಷಧಿ ಬದಲಾಯಿಸುವ ಮಾತಾಡಿ. ಓಡಾಟ ಕಡಿಮೆ ಇರುವವರಿಗೆ ಈಸ್ಟ್ರೊಜೆನ್ ಮಾತ್ರೆಯಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚು. ಡಿಎಂಪಿಎ ಅನ್ನುವ ಗರ್ಭನಿರೋಧಕ ಇಂಜೆಕ್ಷನ್ ಮೂಳೆ ಸಾಂದ್ರತೆ ಇಳಿಸುತ್ತದೆ, ಮೊದಲೇ ಮೂಳೆ ತೆಳುವಾದವರಿಗೆ ಅದು ಹೊಂದುವುದಿಲ್ಲ. ಕಾಪರ್‌ ಐಯುಡಿಗೆ (ಗರ್ಭಕೋಶದೊಳಗೆ ಇಡುವ ತಾಮ್ರದ ಸಾಧನ) ಮೂರ್ಛೆಯ ಮಾತ್ರೆಗಳಿಂದ ತೊಂದರೆ ಇಲ್ಲ. ಆದರೆ ಸ್ಪರ್ಶ ತಿಳಿಯದವರಿಗೆ ಅದು ಜಾರಿದರೆ ಗೊತ್ತಾಗದಿರಬಹುದು, ಆಗಾಗ ತೋರಿಸಬೇಕು.

ಸ್ಪೈನಾ ಬೈಫಿಡಾ (ಹುಟ್ಟುವಾಗಲೇ ಬೆನ್ನೆಲುಬು ಪೂರ್ತಿ ಮುಚ್ಚಿರದ ಸ್ಥಿತಿ) ಇರುವವರಲ್ಲಿ ಲೇಟೆಕ್ಸ್ ಅಂದರೆ ರಬ್ಬರಿನ ಅಲರ್ಜಿ ತುಂಬಾ ಸಾಮಾನ್ಯ. ಪಾಲಿಯುರೆಥೇನ್ ಅಥವಾ ಪಾಲಿಐಸೊಪ್ರೀನ್ ಕಾಂಡೋಮ್ ಆರಿಸಿ. ಲೇಟೆಕ್ಸ್ ಕಾಂಡೋಮ್ ಬಳಸುವವರು ಎಣ್ಣೆ, ವ್ಯಾಸಲೀನ್ ಹಚ್ಚಬಾರದು, ಹರಿದುಹೋಗುತ್ತದೆ.

7. ವೈದ್ಯರ ಕೋಣೆಯಲ್ಲಿ

ವೈದ್ಯರು ತಾವಾಗಿ ಕೇಳುವುದು ಅಪರೂಪ. "ನನ್ನ ಲೈಂಗಿಕ ಆರೋಗ್ಯದ ಬಗ್ಗೆ ಮಾತಾಡಬೇಕು" ಅಂತ ಮೊದಲೇ ಹೇಳಿ, ಪ್ರಶ್ನೆ ಬರೆದುಕೊಂಡು ಹೋಗಿ. ಸ್ವಲ್ಪ ಹೊತ್ತಾದರೂ ಮನೆಯವರನ್ನು ಹೊರಗೆ ಕಳಿಸಿ ಮಾತಾಡಲು ಕೇಳಿ. ಗರ್ಭಕಂಠದ ಕ್ಯಾನ್ಸರ್ ತಪಾಸಣೆ, ಆ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಇವರಿಗೂ ಬೇಕು. ಕಾಲು ಅಗಲಿಸಲು ಆಗದವರನ್ನು ಪಕ್ಕಕ್ಕೆ ಮಲಗಿಸಿಯೂ ಪರೀಕ್ಷೆ ಮಾಡಬಹುದು. ಅದನ್ನು ನೀವೇ ಸೂಚಿಸಿ.

8. ದೌರ್ಜನ್ಯ ನಡೆದಿದೆ ಅನ್ನಿಸಿದರೆ

ಹೆಚ್ಚಿನ ಸಲ ತಪ್ಪು ಮಾಡುವವರು ಪರಿಚಯದವರೇ. ಒಮ್ಮೆಲೇ ಒಬ್ಬ ವ್ಯಕ್ತಿಯನ್ನು ಕಂಡರೆ ಹೆದರುವುದು, ಸ್ನಾನ ಬೇಡ ಅನ್ನುವುದು, ನಿದ್ದೆ ಕೆಡುವುದು, ಮೈಮೇಲೆ ಗಾಯ, ಕಾರಣವಿಲ್ಲದ ಸೋಂಕು ಇವನ್ನು "ಅವರ ಸ್ವಭಾವ" ಅಂತ ತಳ್ಳಿಹಾಕಬೇಡಿ. ಅವರು ಹೇಳಿದರೆ ನಂಬಿ. "ನೀನು ಹೇಳಿದ್ದು ಒಳ್ಳೆಯದಾಯಿತು, ತಪ್ಪು ನಿನ್ನದಲ್ಲ" ಅನ್ನಿ. ಬಾಯಿಗೆ ಉತ್ತರ ಹಾಕುವ ಪ್ರಶ್ನೆ ಕೇಳಬೇಡಿ. ಅವರದೇ ಮಾತಿನಲ್ಲಿ ಬರೆದಿಟ್ಟುಕೊಳ್ಳಿ. ಸ್ನಾನ ಮಾಡಿಸಬೇಡಿ, ಬಟ್ಟೆ ತೊಳೆಯಬೇಡಿ. ಬೇಗ ಆಸ್ಪತ್ರೆಗೆ ಹೋಗಿ. ಎಚ್‌ಐವಿ ತಡೆಯುವ ಔಷಧಿ 72 ಗಂಟೆಯೊಳಗೆ ಶುರುವಾಗಬೇಕು. ಲೆವೊನೋರ್ಜೆಸ್ಟ್ರೆಲ್ ತುರ್ತು ಗರ್ಭನಿರೋಧಕವೂ 72 ಗಂಟೆಯೊಳಗೆ, ಎಷ್ಟು ಬೇಗವೋ ಅಷ್ಟು ಒಳ್ಳೆಯದು. ಪೊಲೀಸರ ಮುಂದೆ ಸನ್ನೆ ಭಾಷೆಯ ಅನುವಾದಕರು ಅಥವಾ ವಿಶೇಷ ಶಿಕ್ಷಕರು ಜೊತೆಗಿರಬೇಕು ಅಂತ ಕೇಳಿ.

9. ಸಂಗಾತಿ, ಮದುವೆ, ಮಗು

ಮನೆಯೊಳಗೇ ಕೂರಿಸಿಟ್ಟರೆ ಸಂಗಾತಿ ಸಿಗುವುದು ಎಲ್ಲಿ? ಕೆಲಸ, ಆಟ, ಗೆಳೆಯರ ಕೂಟ, ಪ್ರಯಾಣ ಇವೆಲ್ಲ ಲೈಂಗಿಕ ಬದುಕಿಗೂ ಬೇಕಾದವೇ. ಮದುವೆ ಗೊತ್ತು ಮಾಡುವಾಗ ಅಂಗವೈಕಲ್ಯ ಮುಚ್ಚಿಡಬೇಡಿ. "ಮದುವೆಯಾದರೆ ಸರಿಹೋಗುತ್ತಾರೆ" ಅನ್ನುವ ಮಾತು ಇಬ್ಬರಿಗೂ ಮಾಡುವ ಅನ್ಯಾಯ. ಒಪ್ಪಿಗೆಯ ಪ್ರಶ್ನೆಗಳನ್ನು ಮೂರನೇ ಹಂತದಲ್ಲಿ ಹೇಳಿದೆನಲ್ಲ, ಮದುವೆಗೂ ಅವನ್ನೇ ಕೇಳಿ. ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಕೇಳಿ.

ಮಗು ಬೇಕು ಅನ್ನುವ ಜೋಡಿಗೆ, ಕಾಯಿಲೆ ವಂಶದಲ್ಲಿ ಹರಿಯುತ್ತದಾ ಅಂತ ತಿಳಿಯಲು ತಳಿವಿಜ್ಞಾನದ ಸಲಹೆ ಸಿಗುತ್ತದೆ. ಸೆರೆಬ್ರಲ್ ಪಾಲ್ಸಿ, ಅಪಘಾತದ ಬೆನ್ನುಹುರಿ ಗಾಯ ಸಾಮಾನ್ಯವಾಗಿ ಮಗುವಿಗೆ ಬರುವುದಿಲ್ಲ. ಬೌದ್ಧಿಕ ನ್ಯೂನತೆ ಇರುವ ತಂದೆ–ತಾಯಿಗೆ ಮಗುವಿನ ಆರೈಕೆ ಮಾಡಿ ತೋರಿಸಿ, ಅವರ ಕೈಯಲ್ಲೇ ಮಾಡಿಸಿ, ಮನೆಗೆ ಆಗಾಗ ಬಂದು ನೋಡುವವರು ಇದ್ದರೆ ಎಷ್ಟೋ ಜನ ಚೆನ್ನಾಗಿ ಸಾಕುತ್ತಾರೆ. ಬೆನ್ನುಹುರಿ ಗಾಯ ಇರುವ ಬಸುರಿಗೆ ಹೆರಿಗೆ ನೋವು ತಿಳಿಯದೇ ಇರಬಹುದು. ಹೊಟ್ಟೆ ಗಟ್ಟಿಯಾಗುವುದನ್ನು ಕೈಯಿಟ್ಟು ನೋಡುವುದು ಕಲಿತಿರಬೇಕು, ಕೊನೆಯ ವಾರಗಳಲ್ಲಿ ತಪಾಸಣೆ ಬೇಗ ಬೇಗ ಆಗಬೇಕು. ಗಾಯ ಟಿ6ರ ಮಟ್ಟದಲ್ಲಿ ಅಥವಾ ಮೇಲಿದ್ದರೆ ಹೆರಿಗೆಯ ಹೊತ್ತಿನಲ್ಲೂ ಡಿಸ್‌ರಿಫ್ಲೆಕ್ಸಿಯಾ ಬರಬಹುದು. ಈ ವಿಷಯವನ್ನು ಪ್ರಸೂತಿ ವೈದ್ಯರಿಗೂ ಅರಿವಳಿಕೆ ವೈದ್ಯರಿಗೂ ತಿಂಗಳು ತುಂಬುವ ಮುಂಚೆಯೇ ಹೇಳಿ, ಫೈಲಿನ ಮೊದಲ ಹಾಳೆಯಲ್ಲಿ ಬರೆಸಿಡಿ.